ಸೂರ್ಯರಾಜ ಹದಿನಾಲ್ಕನೆಯ ಲೂಯಿ

ಪ್ರಪಂಚದ ಇತಿಹಾಸದಲ್ಲಿ ಅತಿ ದೀರ್ಘಕಾಲ ಆಳಿದ ಅರಸರು ಯಾರೆಂದು ಕೇಳಿದರೆ ಮೊದಲು ನೆನಪಿಗೆ ಬರುವ ಹೆಸರು ಫ್ರಾನ್ಸ್ ದೇಶದ ಹದಿನಾಲ್ಕನೆಯ ಲೂಯಿಯದು. 1643ರಲ್ಲಿ ಪಟ್ಟಕ್ಕೆ ಬಂದ ಈತನು 1715ರಲ್ಲಿ ಕಣ್ಣು ಮುಚ್ಚುವವರೆಗೆ, ಎಂದರೆ ಎಪ್ಪತ್ತೆರಡು ವರ್ಷಗಳಿಗೂ ಮಿಕ್ಕಿ, ಅರಸನಾಗಿಯೇ ಇದ್ದನು. ಈತನಿಗೆ ಪಟ್ಟವಾದಾಗ ನಮ್ಮ ದೇಶದಲ್ಲಿ ಮೊಗಲ್ ಸಿಂಹಾಸನದ ಮೇಲೆ ಷಹಜಹಾನನಿದ್ದನು. ಆಮೇಲೆ ಔರಂಗಜೇಬನು ಬಂದು, ಸುಮಾರು ಐವತ್ತು ವರ್ಷ ಆಳಿ, ಮಡಿದು ಎಂಟು ವರ್ಷಗಳಾದ ಮೇಲೂ ಲೂಯಿ ಅರಸನಾಗಿಯೇ ಇದ್ದನು.

ನಿರಂಕುಶ ಪ್ರಭುತ್ವವೆಂಬ ಪಾಠ ಬಂದಾಗಲೆಲ್ಲ ನಾವು ಈತನ ಹೆಸರನ್ನು ಓದುತ್ತೇವೆ. ರಾಜ್ಯವೂ ತಾನೂ ಬೇರೆ ಬೇರೆಯಲ್ಲವೆಂದು ಈತನು ಹೇಳಿದನೆಂದು ಅನೇಕ ಪುಸ್ತಕಗಳಲ್ಲಿದೆ. ಆದರೆ ಆತನು ಹಾಗೆ ಹೇಳಿದುದಕ್ಕೆ ನಂಬತಕ್ಕ ಆಧಾರವಿಲ್ಲ. ಒಂದು ಮಾತಿನಿಂದ ಯಾರೂ ನಿರಂಕುಶರಾಗುವುದಿಲ್ಲ. ಆಗ ಫ್ರಾನ್ಸಿನಲ್ಲಿ ಸುಮಾರು ಎರಡು ಕೋಟಿ ಜನರಿದ್ದರು. ರೈಲಿಲ್ಲ, ತಂತಿಯಿಲ್ಲ. ಕುದುರೆ ಓಡಿದಷ್ಟೇ ವೇಗ. ಇಂಥ ಕಾಲದಲ್ಲಿ ಒಬ್ಬ ಮನುಷ್ಯನ ಮಾತು ಎರಡು ಕೋಟಿ ಜನರ ಮನೆಬಾಗಿಲಿಗೆ ಹೇಗೆ ಮುಟ್ಟುತ್ತಿತ್ತು? ಅಧಿಕಾರವೆಲ್ಲ ಒಂದೇ ಕೈಗೆ ಬಂದಾಗ ಆ ಕೈಗೂ ಆ ಜನರಿಗೂ ಏನಾಯಿತು? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಆತನ ಜೀವನವನ್ನು ನೋಡೋಣ.

ಅಂಜಿದ ಬಾಲಕ

ಲೂಯಿ ಹುಟ್ಟಿದ್ದು 1638ರ ಸೆಪ್ಟೆಂಬರ್ 5ರಂದು, ಪ್ಯಾರಿಸ್ಸಿನ ಹತ್ತಿರದ ಸಾಂ ಜೆರ್ಮಾಂ ಅರಮನೆಯಲ್ಲಿ. ತಂದೆ ಹದಿಮೂರನೆಯ ಲೂಯಿ, ತಾಯಿ ಸ್ಪೇನ್ ರಾಜಮನೆತನದ ಆನ್. ಮದುವೆಯಾಗಿ ಇಪ್ಪತ್ತಮೂರು ವರ್ಷಗಳ ಮೇಲೆ ಹುಟ್ಟಿದ ಕೂಸು. ಆದುದರಿಂದ ದೇವರು ಕೊಟ್ಟವನು ಎಂಬ ಅರ್ಥದ ಹೆಸರನ್ನೂ ಸೇರಿಸಿ ಕರೆದರು. ಮಗುವಿಗೆ ಐದು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡನು. ತಾಯಿ ಮಗನ ಪರವಾಗಿ ಆಡಳಿತವನ್ನು ವಹಿಸಿಕೊಂಡಳು. ಇಟಲಿಯಲ್ಲಿ ಹುಟ್ಟಿದ ಮಜಾರಿನ್ ಎಂಬ ಕಾರ್ಡಿನಲ್ ಪ್ರಧಾನಮಂತ್ರಿಯಾಗಿ ಎಲ್ಲವನ್ನೂ ನಡೆಸಿದನು.

ಅದು ಯುದ್ಧದ ಕಾಲ. ಖರ್ಚು ಬೆಳೆದಂತೆ ತೆರಿಗೆ ಬೆಳೆಯಿತು, ತೆರಿಗೆ ಬೆಳೆದಂತೆ ಜನರ ಸಿಟ್ಟೂ ಬೆಳೆಯಿತು. 1648ರಲ್ಲಿ ಪ್ಯಾರಿಸ್ಸಿನ ಉಚ್ಚ ನ್ಯಾಯಸಭೆ ಮಜಾರಿನ್ನನ ವಿರುದ್ಧ ನಿಂತಿತು. ಈ ನ್ಯಾಯಸಭೆಗೆ ಪಾರ್ಲಮೆಂಟ್ ಎಂದೇ ಹೆಸರು. ಆದರೆ ಅದು ಇಂಗ್ಲೆಂಡಿನ ಪಾರ್ಲಮೆಂಟಿನಂತೆ ಚುನಾಯಿತ ಸಭೆಯಲ್ಲ, ನ್ಯಾಯಾಧೀಶರ ಸಭೆ. ಅರಸನ ಶಾಸನಗಳನ್ನು ತನ್ನ ದಫ್ತರದಲ್ಲಿ ದಾಖಲು ಮಾಡಿಕೊಳ್ಳುವ ಅಧಿಕಾರವೂ, ದಾಖಲು ಮಾಡುವ ಮೊದಲು ತನ್ನ ಆಕ್ಷೇಪಣೆಗಳನ್ನು ಅರಸನ ಮುಂದಿಡುವ ಹಕ್ಕೂ ಅದಕ್ಕಿದ್ದವು. ಬೀದಿಗಳಲ್ಲಿ ಜನರು ಅಡ್ಡಗಟ್ಟೆಗಳನ್ನು ಹಾಕಿದರು. ಬಳಿಕ ದೊಡ್ಡ ದೊಡ್ಡ ಪ್ರಭುಗಳು, ರಾಜವಂಶದವರು ಸಹ, ಸೈನ್ಯ ಕಟ್ಟಿಕೊಂಡು ಅರಸನ ಮೇಲೆಯೇ ತಿರುಗಿಬಿದ್ದರು. ಐದು ವರ್ಷ ನಡೆದ ಈ ದಂಗೆಗೆ ಫ್ರೋಂಡ್ ಎಂದು ಹೆಸರು.

1649ರ ಜನವರಿಯ ಒಂದು ಕೊರೆಯುವ ರಾತ್ರಿ, ಹತ್ತು ವರ್ಷದ ಅರಸನನ್ನು ಎಬ್ಬಿಸಿ ಗುಟ್ಟಾಗಿ ಪ್ಯಾರಿಸ್ಸಿನಿಂದ ಸಾಗಿಸಿದರು. ಹೋಗಿ ಸೇರಿದ ಅರಮನೆಯಲ್ಲಿ ಪೀಠೋಪಕರಣಗಳೇ ಇರಲಿಲ್ಲ. ಪರಿವಾರದವರು ಹುಲ್ಲು ಹಾಸಿಕೊಂಡು ಮಲಗಬೇಕಾಯಿತು. ಎರಡು ವರ್ಷಗಳ ಮೇಲೆ, ಅರಸನು ಮತ್ತೆ ಓಡಿಹೋಗುತ್ತಾನೆಂಬ ಸುದ್ದಿ ಹಬ್ಬಿ, ಜನರ ಗುಂಪು ಪ್ಯಾರಿಸ್ಸಿನ ಅರಮನೆಗೆ ನುಗ್ಗಿತು. ತಾಯಿ ಧೈರ್ಯದಿಂದ ಬಾಗಿಲು ತೆಗೆಸಿದಳು. ಬಾಲಕನು ಹಾಸಿಗೆಯಲ್ಲಿ ನಿದ್ದೆ ಬಂದವನಂತೆ ಮಲಗಿದ್ದನು. ಜನರು ಸಾಲಾಗಿ ಬಂದು ಅವನನ್ನು ನೋಡಿ ಹೋದರು. ಕಣ್ಣು ಮುಚ್ಚಿಕೊಂಡು ಆ ಹೆಜ್ಜೆಯ ಸಪ್ಪಳವನ್ನು ಕೇಳಿದ ಹುಡುಗನು ಅದನ್ನು ಎಂದೂ ಮರೆಯಲಿಲ್ಲ. ಪ್ಯಾರಿಸ್ ನಗರವನ್ನೂ ದೊಡ್ಡ ಪ್ರಭುಗಳನ್ನೂ ಆ ನ್ಯಾಯಸಭೆಯನ್ನೂ ಆತನು ಜೀವಮಾನವಿಡೀ ನಂಬಲಿಲ್ಲ. ಮುಂದೆ ಆತನು ಮಾಡಿದ ಅನೇಕ ಕೆಲಸಗಳ ಬೇರು ಈ ರಾತ್ರಿಗಳಲ್ಲಿದೆ.

ತಾನೇ ಪ್ರಧಾನಿ

ದಂಗೆ ಅಡಗಿತು. 1654ರಲ್ಲಿ ರೈಮ್ಸ್ ನಗರದ ಇಗರ್ಜಿಯಲ್ಲಿ ಲೂಯಿಗೆ ಪಟ್ಟಾಭಿಷೇಕವಾಯಿತು. 1660ರಲ್ಲಿ ಸ್ಪೇನಿನ ರಾಜಕುಮಾರಿ ಮರಿಯಾ ತೆರೇಸಳೊಡನೆ ಮದುವೆಯಾಯಿತು. ಮಜಾರಿನ್ ಬದುಕಿರುವವರೆಗೂ ತರುಣ ಅರಸನು ಅವನ ಕೈಕೆಳಗೆ ಶಿಷ್ಯನಂತೆ ಕೆಲಸ ಕಲಿತನು. 1661ರ ಮಾರ್ಚ್ 9ರಂದು ಮಜಾರಿನ್ ತೀರಿಕೊಂಡನು. ಇನ್ನು ಯಾರು ಪ್ರಧಾನಿಯಾಗುತ್ತಾರೆಂದು ಎಲ್ಲರೂ ಕಾಯುತ್ತಿದ್ದರು. ಮರುದಿನವೇ ಇಪ್ಪತ್ತೆರಡು ವರ್ಷದ ಲೂಯಿ ಮಂತ್ರಿಗಳನ್ನು ಕರೆಸಿ, ಇನ್ನು ಮುಂದೆ ಪ್ರಧಾನಿಯೇ ಇರುವುದಿಲ್ಲವೆಂದೂ, ತನ್ನ ಅಪ್ಪಣೆಯಿಲ್ಲದೆ ಯಾವ ಕಾಗದಕ್ಕೂ ಸಹಿ ಮೊಹರು ಬೀಳಕೂಡದೆಂದೂ ತಿಳಿಸಿದನು. ಇದು ಹುಡುಗನ ನಾಲ್ಕು ದಿನದ ಹುಮ್ಮಸ್ಸೆಂದು ಹಲವರು ಒಳಗೊಳಗೇ ನಕ್ಕರು. ಆ ಹುಮ್ಮಸ್ಸು ಐವತ್ತನಾಲ್ಕು ವರ್ಷ ನಡೆಯಿತು.

ಆತನ ಅಧಿಕಾರದ ಮೊದಲ ಗುಟ್ಟು ದುಡಿಮೆ. ಬೇಟೆ, ನೃತ್ಯ, ಊಟ, ಉತ್ಸವ ಎಲ್ಲವನ್ನೂ ಪ್ರೀತಿಸಿದವನಾದರೂ ಪ್ರತಿನಿತ್ಯ ಹಲವು ತಾಸು ರಾಜ್ಯದ ಕೆಲಸಕ್ಕೆ ಕುಳಿತುಕೊಳ್ಳುವುದನ್ನು ಆತನು ತಪ್ಪಿಸಲಿಲ್ಲ. ಮಂತ್ರಿಗಳು ಓದಿದ ಕಾಗದಗಳನ್ನು ಕೇಳುವುದು, ಪ್ರಶ್ನೆ ಹಾಕುವುದು, ಎಲ್ಲರ ಅಭಿಪ್ರಾಯ ಪಡೆದು ಕಡೆಗೆ ತೀರ್ಮಾನ ಹೇಳುವುದು, ಇದು ಆತನ ರೀತಿ. ಅವಸರದ ಉತ್ತರವನ್ನು ಕೊಡುತ್ತಿರಲಿಲ್ಲ. ಯಾರಾದರೂ ಬೇಡಿಕೆ ತಂದರೆ, ನೋಡೋಣವೆಂದಷ್ಟೇ ಹೇಳಿ ಕಳಿಸುತ್ತಿದ್ದನು.

ಎರಡನೆಯ ಗುಟ್ಟು, ಯಾರನ್ನು ಹತ್ತಿರ ಕೂರಿಸಿಕೊಳ್ಳಬೇಕೆಂಬ ಆಯ್ಕೆ. ಉನ್ನತ ಮಂತ್ರಾಲೋಚನಾ ಸಭೆಯಲ್ಲಿ ಮೂರರಿಂದ ಐದು ಜನ ಮಾತ್ರ. ಅದರಲ್ಲಿ ತಾಯಿಗೆ ಸ್ಥಾನವಿರಲಿಲ್ಲ, ತಮ್ಮನಿಗೂ ಇರಲಿಲ್ಲ, ಹಳೆಯ ವಂಶಗಳ ದೊಡ್ಡ ಪ್ರಭುಗಳಿಗೂ ಇರಲಿಲ್ಲ. ದೊಡ್ಡ ಮನೆತನದವನನ್ನು ಮಂತ್ರಿ ಮಾಡಿದರೆ ಅವನಿಗೆ ಸ್ವಂತ ಬಲವಿರುತ್ತದೆ. ಸಾಮಾನ್ಯ ಮನೆತನದವನನ್ನು ಮಾಡಿದರೆ ಅವನ ಏಳಿಗೆಯೆಲ್ಲ ಅರಸನ ಕೃಪೆಯಿಂದಲೇ ಬಂದದ್ದು, ಅರಸನು ಮುಖ ತಿರುಗಿಸಿದ ದಿನ ಅದು ಮುಗಿಯಿತು. ರೈಮ್ಸ್ ನಗರದ ವರ್ತಕ ಮನೆತನದಲ್ಲಿ ಹುಟ್ಟಿದ ಕೋಲ್ಬರ್ಟ್ ಹಣಕಾಸಿನ ಮುಖ್ಯಾಧಿಕಾರಿಯಾದುದು ಹೀಗೆ.

ಮೂರನೆಯದು, ಆದಿಯಲ್ಲಿಯೇ ಎಲ್ಲರಿಗೂ ಕಾಣುವಂತೆ ಕೊಟ್ಟ ಒಂದು ಪೆಟ್ಟು. ಫೂಕೆ ಎಂಬವನು ಬೊಕ್ಕಸದ ಮೇಲ್ವಿಚಾರಕ, ಅಪಾರ ಧನಿಕ. 1661ರ ಆಗಸ್ಟ್ 17ರಂದು ತನ್ನ ಹೊಸ ಅರಮನೆಗೆ ಅರಸನನ್ನು ಕರೆದು ಭಾರಿ ಔತಣವಿತ್ತನು. ಅದರ ತೋಟ, ಕಾರಂಜಿ, ಚಿತ್ರಗಳು ಅರಸನ ಅರಮನೆಯನ್ನೂ ಮೀರಿಸುವಂತಿದ್ದವು. ಅವನನ್ನು ಇಳಿಸಬೇಕೆಂದು ಲೂಯಿ ಅದಾಗಲೇ ನಿಶ್ಚಯಿಸಿದ್ದನು. ಔತಣವು ಆ ನಿಶ್ಚಯವನ್ನು ಗಟ್ಟಿ ಮಾಡಿತು. ಸೆಪ್ಟೆಂಬರ್ 5ರಂದು, ಅರಸನ ಹುಟ್ಟುಹಬ್ಬದ ದಿನವೇ, ಫೂಕೆಯನ್ನು ಬಂಧಿಸಿದರು. ಮೂರು ವರ್ಷ ವಿಚಾರಣೆ ನಡೆದು ನ್ಯಾಯಾಧೀಶರು ಗಡೀಪಾರಿನ ಶಿಕ್ಷೆ ವಿಧಿಸಿದರು. ಅರಸನಿಗೆ ಅದು ಸಾಲದಾಯಿತು. ಸಾಮಾನ್ಯವಾಗಿ ಅರಸರು ಶಿಕ್ಷೆಯನ್ನು ಕಡಿಮೆ ಮಾಡುತ್ತಾರೆ. ಲೂಯಿ ಅದನ್ನು ಹೆಚ್ಚಿಸಿ ಆಜೀವ ಸೆರೆವಾಸ ಮಾಡಿದನು. ಫೂಕೆ 1680ರಲ್ಲಿ ಕೋಟೆಯ ಸೆರೆಯಲ್ಲೇ ಸತ್ತನು. ಅವನ ಅರಮನೆಯನ್ನು ಕಟ್ಟಿದ ಶಿಲ್ಪಿಯನ್ನೂ ತೋಟಗಾರನನ್ನೂ ಚಿತ್ರಕಾರನನ್ನೂ ಅರಸನು ತನ್ನ ಕೆಲಸಕ್ಕೆ ತೆಗೆದುಕೊಂಡನು.

ಕಾಗದ, ಕಂದಾಯ, ಸೈನ್ಯ

ರಾಜಧಾನಿಯಲ್ಲಿ ಹುಟ್ಟಿದ ಆಜ್ಞೆ ಹಳ್ಳಿಗೆ ಮುಟ್ಟಬೇಕಲ್ಲವೆ? ಅದಕ್ಕಾಗಿ ಸುಮಾರು ಮೂವತ್ತು ವಿಭಾಗಗಳಿಗೆ ಇಂಟೆಂಡೆಂಟ್ ಎಂಬ ಅಧಿಕಾರಿಗಳಿದ್ದರು. ಇವರು ಹಿಂದಿನಿಂದಲೇ ಇದ್ದವರು. ಲೂಯಿಯ ಕಾಲದಲ್ಲಿ ಇವರ ವ್ಯವಸ್ಥೆ ಎಲ್ಲ ಪ್ರಾಂತಗಳಿಗೂ ಹಬ್ಬಿ ಸ್ಥಿರವಾಯಿತು. ನ್ಯಾಯ, ಪೊಲೀಸು, ಕಂದಾಯ ಮೂರರ ಮೇಲೂ ಇವರ ಕಣ್ಣು. ಇತರ ಅನೇಕ ಹುದ್ದೆಗಳನ್ನು ಜನರು ಹಣ ಕೊಟ್ಟು ಕೊಂಡು ತಲೆಮಾರುಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಇಂಟೆಂಡೆಂಟನ ಹುದ್ದೆ ಹಾಗಲ್ಲ. ಅರಸನು ನೇಮಿಸಿದರೆ ಉಂಟು, ಕರೆಸಿಕೊಂಡರೆ ಇಲ್ಲ. ಆ ಕಡೆಯ ಬೆಳೆ ಹೇಗಿದೆ, ಯಾರು ಗೊಣಗುತ್ತಿದ್ದಾರೆ, ಯಾವ ಪ್ರಭು ಏನು ಮಾಡುತ್ತಿದ್ದಾನೆ ಎಂಬುದೆಲ್ಲ ಇವರ ಪತ್ರಗಳ ಮೂಲಕ ಅರಮನೆಗೆ ಮುಟ್ಟುತ್ತಿತ್ತು.

ಕೋಲ್ಬರ್ಟನು ಜಮಾಖರ್ಚಿನ ಲೆಕ್ಕವನ್ನು ಸರಿಪಡಿಸಿದನು. ಆ ಮೊದಲು ವಸೂಲಾದ ತೆರಿಗೆಯಲ್ಲಿ ದೊಡ್ಡ ಪಾಲು ಗುತ್ತಿಗೆದಾರರ ಮತ್ತು ಸಾಲ ಕೊಟ್ಟವರ ಕೈಯಲ್ಲೇ ಉಳಿಯುತ್ತಿತ್ತು. ಅರಸನ ಅಂಗಿಯ ಜೇಬಿನಲ್ಲಿ ಹಿಡಿಸುವಂಥ ಚಿಕ್ಕ ಪುಸ್ತಕಗಳಲ್ಲಿ ರಾಜ್ಯದ ಆಯವ್ಯಯವನ್ನು ಬರೆಸಿ ಕೊಡುತ್ತಿದ್ದನು. ಬಟ್ಟೆ, ಗಾಜು, ಕಸೂತಿಯ ಕಾರ್ಖಾನೆಗಳನ್ನು ಬೆಳೆಸಿದನು. ಎರಡು ಸಮುದ್ರಗಳ ನಡುವಣ ಜಲಮಾರ್ಗವನ್ನು ಪೂರ್ಣಗೊಳಿಸುವ, ಸುಮಾರು 240 ಕಿಲೋಮೀಟರ್ ಉದ್ದದ ಕಾಲುವೆಯನ್ನು 1666ರಿಂದ 1681ರವರೆಗೆ ದಕ್ಷಿಣ ಫ್ರಾನ್ಸಿನಲ್ಲಿ ತೋಡಿಸಲಾಯಿತು. 1666ರಲ್ಲಿ ವಿಜ್ಞಾನ ಅಕಾಡೆಮಿ ಸ್ಥಾಪನೆಯಾಯಿತು. 1667ರಲ್ಲಿ ಪ್ಯಾರಿಸ್ಸಿಗೆ ಪ್ರತ್ಯೇಕ ಪೊಲೀಸ್ ಮುಖ್ಯಾಧಿಕಾರಿ ಬಂದನು, ಬೀದಿಗಳಿಗೆ ದೀಪಗಳೂ ಬಂದವು.

ನಮ್ಮ ನಾಡಿಗೂ ಇದಕ್ಕೂ ಒಂದು ಸಂಬಂಧವಿದೆ. 1664ರಲ್ಲಿ ಕೋಲ್ಬರ್ಟನು ಫ್ರೆಂಚ್ ಈಸ್ಟ್ ಇಂಡಿಯಾ ಕಂಪೆನಿಯನ್ನು ಸ್ಥಾಪಿಸಿದನು. 1668ರಲ್ಲಿ ಸೂರತ್ತಿನಲ್ಲಿ ಅದರ ಕೋಠಿ ತೆರೆಯಿತು. 1674ರಲ್ಲಿ ಪಾಂಡಿಚೇರಿಯಲ್ಲಿ ಫ್ರೆಂಚರು ನೆಲೆಯೂರಿದರು. ಮೊಗಲ್ ಸಾಮ್ರಾಜ್ಯದಲ್ಲಿ ವೈದ್ಯನಾಗಿ ಹಲವು ವರ್ಷ ಕಳೆದ ಬರ್ನಿಯರ್ ಎಂಬ ಫ್ರೆಂಚನು ಸ್ವದೇಶಕ್ಕೆ ಮರಳಿ ಕೋಲ್ಬರ್ಟನಿಗೆ ಒಂದು ದೀರ್ಘ ಪತ್ರ ಬರೆದನು. ಭೂಮಿಯೆಲ್ಲ ಅರಸನದೇ ಆಗಿ, ರೈತನಿಗೆ ತನ್ನದೆಂಬುದೇ ಇಲ್ಲದಿದ್ದರೆ ಹೊಲವೂ ಹಾಳಾಗುತ್ತದೆ, ರಾಜ್ಯವೂ ಹಾಳಾಗುತ್ತದೆ ಎಂಬುದು ಅವನ ವಾದ. ಹೇಳಿದ್ದು ಹಿಂದೂಸ್ಥಾನದ ವಿಷಯ. ಆದರೆ ಎಲ್ಲವನ್ನೂ ತನ್ನದೆಂದು ಬಗೆಯುವ ಯಾವ ಅರಸನಿಗಾದರೂ ತಟ್ಟುವ ಮಾತು ಅದು.

ಸೈನ್ಯದ ವಿಷಯಕ್ಕೆ ಬಂದರೆ, ಹಿಂದೆ ದೊಡ್ಡ ಪ್ರಭುಗಳು ತಮ್ಮ ತಮ್ಮ ಪಡೆಗಳನ್ನು ತಾವೇ ಸಾಕಿ ತಮ್ಮವೆಂದು ತಿಳಿಯುತ್ತಿದ್ದರು. ಮಂತ್ರಿ ಲ ತೆಲ್ಯೇ ಮತ್ತು ಅವನ ಮಗ ಲೂವ್ವಾ ಇದನ್ನು ಬದಲಾಯಿಸಿ, ಸಂಬಳ, ಬಡ್ತಿ, ಉಗ್ರಾಣ, ತನಿಖೆ ಎಲ್ಲವನ್ನೂ ಅರಸನ ದಫ್ತರದ ಕೆಳಗೆ ತಂದರು. 1690ರ ಸುಮಾರಿಗೆ ಸೈನಿಕರ ಸಂಖ್ಯೆ ಮೂರು ಲಕ್ಷವನ್ನು ದಾಟಿತು. ಆ ಕಾಲದ ಯೂರೋಪಿನಲ್ಲಿ ಬೇರೆ ಯಾವ ದೊರೆಗೂ ಅಷ್ಟು ದೊಡ್ಡ ಸೈನ್ಯವಿರಲಿಲ್ಲ. ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ 1670ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ದೊಡ್ಡ ಆಶ್ರಯಮಂದಿರದ ಸ್ಥಾಪನೆಯಾಯಿತು.

ಆದರೂ ನಿರಂಕುಶತೆ ಎಂದರೆ ಎಲ್ಲವೂ ನಡೆಯುತ್ತಿತ್ತೆಂದು ನಾವು ತಿಳಿಯಬಾರದು. ಪ್ರಾಂತ ಪ್ರಾಂತಕ್ಕೂ ಕಾಯಿದೆ ಬೇರೆ, ಅಳತೆ ತೂಕ ಬೇರೆ. ಕೆಲವು ಪ್ರಾಂತಗಳ ಸಭೆಗಳೊಡನೆ ತೆರಿಗೆಗಾಗಿ ಚೌಕಾಶಿ ಮಾಡಬೇಕಾಗುತ್ತಿತ್ತು. ಕೊಂಡ ಹುದ್ದೆಯವರನ್ನು ತೆಗೆದುಹಾಕುವಂತಿರಲಿಲ್ಲ. 1675ರಲ್ಲಿ ಬ್ರಿಟನಿ ಪ್ರಾಂತದ ಜನರು ಛಾಪಾ ಕಾಗದದ ತೆರಿಗೆಯ ವಿರುದ್ಧ ದಂಗೆಯೆದ್ದರು. ಅರಸನ ಸೈನ್ಯವು ಅದನ್ನು ಕ್ರೂರವಾಗಿ ತುಳಿಯಿತು.

ವರ್ಸೇಲ್ಸ್ ಅರಮನೆ

ಪ್ಯಾರಿಸ್ಸಿನ ಹೊರಗೆ ವರ್ಸೇಲ್ಸ್ ಎಂಬಲ್ಲಿ ತಂದೆ ಕಟ್ಟಿಸಿದ ಒಂದು ಬೇಟೆಯ ಬಿಡಾರವಿತ್ತು. ಅದರ ಸುತ್ತಲೂ ಲೂಯಿ ಅರಮನೆಯನ್ನು ಬೆಳೆಸುತ್ತ ಹೋದನು. 1682ರ ಮೇ 6ರಂದು ಆಸ್ಥಾನವೂ ಸರಕಾರವೂ ಅಲ್ಲಿಗೇ ಬಂದವು. ಕೆಲಸ ಜೋರಾಗಿದ್ದ ದಿನಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಅಲ್ಲಿಯ ಕನ್ನಡಿಗಳ ಹಜಾರ 73 ಮೀಟರ್ ಉದ್ದವಿದೆ. ಒಂದು ಕಡೆ ಹದಿನೇಳು ಕಿಟಕಿಗಳು, ಅವಕ್ಕೆ ಎದುರಾಗಿ ಕನ್ನಡಿ ಕೂಡಿಸಿದ ಹದಿನೇಳು ಕಮಾನುಗಳು, ಒಟ್ಟು 357 ಕನ್ನಡಿಗಳು. ಕಾರಂಜಿಗಳಿಗೆ ನೀರು ಸಾಲದೆ ಸೇನ್ ನದಿಯಿಂದ ಹದಿನಾಲ್ಕು ದೊಡ್ಡ ಚಕ್ರಗಳ ಯಂತ್ರದಿಂದ ನೀರೆತ್ತಿದರು. ಅದೂ ಸಾಲದೆ ಮತ್ತೊಂದು ನದಿಯನ್ನೇ ತಿರುಗಿಸಲು ಹೊರಟರು. ಅಲ್ಲಿ ದುಡಿಯುತ್ತಿದ್ದ ಸೈನಿಕರು ಜ್ವರದಿಂದ ಗುಂಪುಗುಂಪಾಗಿ ಸತ್ತರು. 1688ರಲ್ಲಿ ಯುದ್ಧ ಬಂದು ಆ ಕೆಲಸ ಅರ್ಧಕ್ಕೇ ನಿಂತಿತು.

ಇದು ಬರಿಯ ಆಡಂಬರವೆ? ಅಲ್ಲ. ವರ್ಸೇಲ್ಸ್ ಆಡಳಿತದ ಒಂದು ಉಪಕರಣವಾಗಿತ್ತು. ತರುಣನಾಗಿದ್ದಾಗ ಸೂರ್ಯದೇವತೆಯ ವೇಷ ಹಾಕಿ ನೃತ್ಯ ಮಾಡಿದ್ದ ಅರಸನು ಸೂರ್ಯನನ್ನೇ ತನ್ನ ಲಾಂಛನ ಮಾಡಿಕೊಂಡಿದ್ದನು. ಬೆಳಿಗ್ಗೆ ಆತನು ಏಳುವುದು ಒಂದು ಉತ್ಸವ, ರಾತ್ರಿ ಮಲಗುವುದು ಇನ್ನೊಂದು. ಯಾರು ಮೊದಲು ಕೋಣೆಯೊಳಗೆ ಬರಬೇಕು, ಯಾರು ಆಮೇಲೆ, ಅಂಗಿಯನ್ನು ಕೈಗೆ ಕೊಡುವ ಗೌರವ ಯಾರದು, ಮಲಗುವಾಗ ಮೇಣದ ದೀಪ ಹಿಡಿಯುವ ಭಾಗ್ಯ ಯಾರಿಗೆ, ಎಲ್ಲಕ್ಕೂ ನಿಯಮ. ಅಪ್ಪಂದಿರು ಅರಸನ ವಿರುದ್ಧ ಕತ್ತಿ ಹಿಡಿದಿದ್ದರೆ ಮಕ್ಕಳು ಅರಸನ ದೀಪ ಹಿಡಿಯಲು ಪೈಪೋಟಿ ನಡೆಸಿದರು. ಸಂಬಳ, ವರ್ಷಾಸನ, ಸೈನ್ಯದಲ್ಲಿ ಹುದ್ದೆ, ಮಗಳಿಗೆ ಒಳ್ಳೆಯ ಸಂಬಂಧ, ಎಲ್ಲವೂ ಅರಸನ ಕಣ್ಣಿಗೆ ಬಿದ್ದವರಿಗೆ ಮಾತ್ರ. ಆಸ್ಥಾನಕ್ಕೆ ಬಾರದೆ ತನ್ನ ಊರಲ್ಲೇ ಇದ್ದ ಪ್ರಭುವಿನ ಪರವಾಗಿ ಯಾರಾದರೂ ಕೇಳಿಕೊಂಡರೆ, ಅಂಥವನನ್ನು ತಾನು ಕಂಡೇ ಇಲ್ಲವೆಂದು ಅರಸನು ಹೇಳಿಬಿಡುತ್ತಿದ್ದನಂತೆ. ಆತನು ಯಾರ ಮೇಲೂ ರೇಗಿ ಕೂಗಾಡುವವನಲ್ಲ. ದಾರಿಯಲ್ಲಿ ಕೆಲಸದ ಹೆಂಗಸು ಎದುರಾದರೂ ಟೋಪಿಯೆತ್ತಿ ವಂದಿಸುವಷ್ಟು ಸೌಜನ್ಯವಿತ್ತು. ಆತನ ಒಂದು ನೋಟ ತಪ್ಪಿದರೆ ಸಾಕು, ದೊಡ್ಡ ಪ್ರಭುವಿಗೆ ಅಂದು ಊಟ ಸೇರುತ್ತಿರಲಿಲ್ಲ.

ಬಾಯಿ ಮುಚ್ಚಿದವರು

ಇಲ್ಲಿಯವರೆಗೆ ನೋಡಿದರೆ ಇದು ಜಾಣತನದ ಕಥೆ. ಆದರೆ ಇದರ ಇನ್ನೊಂದು ಮುಖವನ್ನೂ ನಾವು ನೋಡಬೇಕು. ಅಧಿಕಾರವೆಲ್ಲ ತನ್ನ ಕಡೆಗೇ ಹರಿದುಬರುವಂತೆ ಕಾಲುವೆ ತೋಡಿದ ಅರಸನು, ಸತ್ಯ ಹರಿದುಬರುವ ಕಾಲುವೆಗಳನ್ನು ಒಂದೊಂದಾಗಿ ತಾನೇ ಮುಚ್ಚಿಬಿಟ್ಟನು.

ಪಾದ್ರಿಗಳು, ಪ್ರಭುಗಳು, ಸಾಮಾನ್ಯರು ಎಂಬ ಮೂರು ವರ್ಗಗಳ ಮಹಾಸಭೆಯೊಂದು ಫ್ರಾನ್ಸಿನಲ್ಲಿತ್ತು. 1614ರಲ್ಲಿ ಕೂಡಿದ್ದ ಅದನ್ನು ಲೂಯಿ ಒಮ್ಮೆಯೂ ಕರೆಯಲಿಲ್ಲ. 1673ರಲ್ಲಿ ಉಚ್ಚ ನ್ಯಾಯಸಭೆಗಳಿಗೆ ಹೊಸ ಅಪ್ಪಣೆಯಾಯಿತು: ಮೊದಲು ಅರಸನ ಶಾಸನವನ್ನು ದಾಖಲು ಮಾಡಿಕೊಳ್ಳಬೇಕು, ಆಕ್ಷೇಪಣೆಯಿದ್ದರೆ ಅದು ಆಮೇಲೆ. ಮನೆ ಬಿದ್ದ ಮೇಲೆ ಊರೆಗೋಲು ಕೊಟ್ಟಂತಾಯಿತು. ಅರಸನ ಮೊಹರಿನ ಒಂದು ಪತ್ರದಿಂದ ಯಾರನ್ನಾದರೂ ವಿಚಾರಣೆಯಿಲ್ಲದೆ ಸೆರೆಗೆ ಕಳಿಸಬಹುದಾಗಿತ್ತು.

ಧರ್ಮದ ವಿಷಯದಲ್ಲಿ ಆದದ್ದು ಇನ್ನೂ ಘೋರ. ಅರಸನ ಅಜ್ಜ ನಾಲ್ಕನೆಯ ಹೆನ್ರಿ 1598ರಲ್ಲಿ ನಾಂಟ್ಸ್ ಶಾಸನದ ಮೂಲಕ ಪ್ರಾಟೆಸ್ಟಂಟರಿಗೆ ತಮ್ಮ ಪೂಜೆ ಪ್ರಾರ್ಥನೆ ನಡೆಸುವ ಹಕ್ಕು ಕೊಟ್ಟಿದ್ದನು. ಹ್ಯೂಗೆನಾಟರೆಂದು ಕರೆಯಲ್ಪಡುತ್ತಿದ್ದ ಇವರು ನೇಯ್ಗೆ, ಕಬ್ಬಿಣದ ಕೆಲಸ, ಗಡಿಯಾರ, ವ್ಯಾಪಾರಗಳಲ್ಲಿ ನಿಪುಣರು. ಒಬ್ಬ ಅರಸ, ಒಂದು ಧರ್ಮ ಎಂಬ ಹಟದಿಂದ ಲೂಯಿ ಅವರ ಮನೆಗಳಲ್ಲಿ ಸೈನಿಕರನ್ನು ಬಿಡಾರ ಹೂಡಿಸಿ ಪೀಡಿಸಿದನು. 1685ರ ಅಕ್ಟೋಬರಿನಲ್ಲಿ ಅಜ್ಜನ ಶಾಸನವನ್ನೇ ರದ್ದು ಮಾಡಿದನು. ಅವರ ಪ್ರಾರ್ಥನಾ ಮಂದಿರಗಳನ್ನು ಕೆಡವಿದರು. ಅವರ ಪಾದ್ರಿಗಳಿಗೆ ದೇಶ ಬಿಡಲು ಹದಿನೈದು ದಿನ ಕೊಟ್ಟರು. ಆದರೆ ಸಾಮಾನ್ಯ ಜನರು ದೇಶ ಬಿಡಕೂಡದು. ಸಿಕ್ಕಿಬಿದ್ದ ಗಂಡಸರಿಗೆ ಹಡಗಿನ ಹುಟ್ಟು ಹಾಕುವ ಶಿಕ್ಷೆ. ಆದರೂ ಸುಮಾರು ಎರಡು ಲಕ್ಷ ಜನ ತಪ್ಪಿಸಿಕೊಂಡು ಹಾಲೆಂಡ್, ಇಂಗ್ಲೆಂಡ್, ಜರ್ಮನ್ ರಾಜ್ಯಗಳನ್ನು ಸೇರಿದರು. ಅವರ ಕೈಯ ಕಸಬೂ ಅವರೊಡನೆ ಹೋಯಿತು. ಆಸ್ಥಾನದಲ್ಲಿ ಮಾತ್ರ ಎಲ್ಲರೂ ಅರಸನನ್ನು ಹೊಗಳಿದರು. ಅದೇ ವರ್ಷ ಸಮುದ್ರದಾಚೆಯ ವಸಾಹತುಗಳಲ್ಲಿ ಗುಲಾಮರನ್ನು ಆಳುವ ಶಾಸನವೂ ಆತನ ಹೆಸರಿನಲ್ಲಿ ಹೊರಟಿತು.

ಇಂಥ ಕಾಲದಲ್ಲಿ ಸತ್ಯ ಹೇಳಿದವನೊಬ್ಬನಿದ್ದನು. ಅವನು ವೋಬಾನ್, ಕೋಟೆ ಕಟ್ಟುವುದರಲ್ಲಿ ಅಂದಿನ ಯೂರೋಪಿಗೇ ಹೆಸರಾದ ಎಂಜಿನಿಯರ್. ಗಡಿಯುದ್ದಕ್ಕೂ ಕೋಟೆ ಕಟ್ಟುತ್ತ ಅವನು ತಿರುಗದ ಊರಿಲ್ಲ, ಕಾಣದ ಗುಡಿಸಲಿಲ್ಲ. ಹ್ಯೂಗೆನಾಟರನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು 1689ರಲ್ಲಿಯೇ ಮಂತ್ರಿಗೆ ಬರೆದನು. ಯಾರೂ ಕೇಳಲಿಲ್ಲ. ಆಗ ಪ್ರಭುಗಳೂ ಪಾದ್ರಿಗಳೂ ಮುಖ್ಯ ಕಂದಾಯದಿಂದ ಮುಕ್ತರು. ಭಾರವೆಲ್ಲ ರೈತನ ಬೆನ್ನಿನ ಮೇಲೆ. ಉಪ್ಪಿಗೂ ಬಿಗಿ ತೆರಿಗೆ. ಬಹಳ ಕಡೆ ಇಂತಿಷ್ಟು ಉಪ್ಪನ್ನು ಕೊಳ್ಳಲೇಬೇಕೆಂಬ ಬಲವಂತ. ವೋಬಾನನು ಮುದಿತನದಲ್ಲಿ ಒಂದು ಪುಸ್ತಕ ಬರೆದನು. ಜನರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಭಿಕ್ಷೆಗಿಳಿದಿದೆ, ಉಳಿದ ಒಂಬತ್ತು ಪಾಲಿನಲ್ಲಿ ಐದು ಪಾಲು ಆ ಭಿಕ್ಷೆಯನ್ನು ನೀಡುವ ಸ್ಥಿತಿಯಲ್ಲೂ ಇಲ್ಲ ಎಂದು ಅದರಲ್ಲಿ ಲೆಕ್ಕ ಕೊಟ್ಟನು. ಹಳೆಯ ತೆರಿಗೆಗಳನ್ನು ತೆಗೆದು, ಬಡವ ಬಲ್ಲಿದನೆನ್ನದೆ ಎಲ್ಲರೂ ಆದಾಯಕ್ಕೆ ತಕ್ಕಂತೆ, ಹೆಚ್ಚೆಂದರೆ ಹತ್ತರಲ್ಲೊಂದು ಪಾಲು ಕೊಡಲಿ ಎಂದು ಸೂಚಿಸಿದನು. 1707ರಲ್ಲಿ ಅರಸನ ಸಭೆ ಆ ಪುಸ್ತಕವನ್ನು ನಿಷೇಧಿಸಿತು. ಅದೇ ಮಾರ್ಚ್ ತಿಂಗಳಲ್ಲಿ ವೋಬಾನ್ ತೀರಿಕೊಂಡನು. ಮೂರೇ ವರ್ಷಗಳಲ್ಲಿ, ಬೊಕ್ಕಸ ಬರಿದಾದಾಗ, ಅರಸನು ಹತ್ತರಲ್ಲೊಂದು ಪಾಲಿನ ತೆರಿಗೆಯನ್ನು ಹಾಕಿಯೇ ಹಾಕಿದನು. ಆದರೆ ಹಳೆಯ ತೆರಿಗೆಗಳನ್ನು ತೆಗೆದು ಅಲ್ಲ, ಅವುಗಳ ಮೇಲೆ ಹೇರಿ.

ಯುದ್ಧ ಮತ್ತು ಹಸಿವು

ಲೂಯಿ ನಾಲ್ಕು ದೊಡ್ಡ ಯುದ್ಧಗಳನ್ನು ಮಾಡಿದನು. 1667ರಲ್ಲಿ ಆರಂಭವಾದ ಮೊದಲನೆಯದು ಬೇಗ ಮುಗಿಯಿತು. 1672ರಲ್ಲಿ ಹಾಲೆಂಡಿನ ಮೇಲೆ ನುಗ್ಗಿದಾಗ ಡಚ್ಚರು ತಮ್ಮ ಏರಿಗಳನ್ನು ತಾವೇ ಒಡೆದು, ಹೊಲಗದ್ದೆಗಳನ್ನು ನೀರಿನಲ್ಲಿ ಮುಳುಗಿಸಿ ಅವನನ್ನು ತಡೆದರು. 1688ರಿಂದ 1697ರವರೆಗಿನ ಮೂರನೆಯ ಯುದ್ಧದ ಆರಂಭದಲ್ಲಿ ಆತನ ಸೈನ್ಯವು ರೈನ್ ನದಿಯ ಬಳಿಯ ಹೈಡೆಲ್‌ಬರ್ಗ್, ಮಾನ್‌ಹೈಮ್, ಸ್ಪೈಯರ್, ವೋರ್ಮ್ಸ್ ನಗರಗಳನ್ನು ಸುಟ್ಟು ಹಾಳುಮಾಡಿತು. ಯೂರೋಪಿನ ಬಹುಪಾಲು ದೊರೆಗಳು ಆತನ ವಿರುದ್ಧ ಒಂದಾದರು. ಸ್ಪೇನಿನ ಸಿಂಹಾಸನವು ಮೊಮ್ಮಗ ಫಿಲಿಪನಿಗೆ ಬಂದ ಕಾರಣ 1701ರಲ್ಲಿ ನಾಲ್ಕನೆಯ ಯುದ್ಧ ಹೊತ್ತಿಕೊಂಡು ಹದಿಮೂರು ವರ್ಷ ಉರಿಯಿತು.

ನಡುವೆ ಬರಗಾಲ. 1693 ಮತ್ತು 1694ರಲ್ಲಿ ಬೆಳೆ ಕೆಟ್ಟು, ಹಸಿವು ಹಾಗೂ ರೋಗಗಳಿಂದ ಸುಮಾರು ಹದಿಮೂರು ಲಕ್ಷ ಜನ ಸತ್ತರೆಂದು ಇತಿಹಾಸಕಾರರ ಅಂದಾಜು. 1709ರ ಜನವರಿಯಲ್ಲಿ ಬಿದ್ದ ಚಳಿಯಂತೂ ಕಂಡು ಕೇಳರಿಯದ್ದು. ನದಿಗಳು ಹೆಪ್ಪುಗಟ್ಟಿದವು. ನೆಲದಲ್ಲಿದ್ದ ಗೋಧಿಯ ಪೈರು ಸತ್ತಿತು. ಹಣ್ಣಿನ ಮರಗಳು ಸೀಳಿಹೋದವು. ಮತ್ತೆ ಲಕ್ಷಾಂತರ ಜನ ಮಡಿದರು. 1689ರಲ್ಲಿಯೇ ವರ್ಸೇಲ್ಸಿನ ಬೆಳ್ಳಿಯ ಪೀಠೋಪಕರಣಗಳನ್ನು ಕರಗಿಸಿ ನಾಣ್ಯ ಮಾಡಿದ್ದರು. ಈಗ ಅರಸನು ತನ್ನ ಊಟದ ಚಿನ್ನದ ಪಾತ್ರೆಗಳನ್ನೂ ಟಂಕಸಾಲೆಗೆ ಕಳಿಸಿದನು.

ಶಾಂತಿ ಬೇಡಿದಾಗ ಶತ್ರುಗಳು ಒಂದು ಕಠಿಣ ಷರತ್ತು ಹಾಕಿದರು. ಸ್ಪೇನಿನಿಂದ ಮೊಮ್ಮಗನನ್ನು ಓಡಿಸಲು ಅಜ್ಜನೇ ನೆರವಾಗಬೇಕು! ಲೂಯಿ ಒಪ್ಪಲಿಲ್ಲ. ಆಗ ಆತನು ಹಿಂದೆಂದೂ ಮಾಡದ ಕೆಲಸವನ್ನು ಮಾಡಿದನು. ತಾನು ಶಾಂತಿಗಾಗಿ ಏನೇನು ಬಿಟ್ಟುಕೊಡಲು ಸಿದ್ಧನಾಗಿದ್ದೆ, ಶತ್ರುಗಳು ಏನು ಕೇಳಿದರು, ಯಾಕೆ ಒಪ್ಪಲಾರೆ ಎಂಬುದನ್ನು ವಿವರಿಸಿ 1709ರ ಜೂನ್ 12ರಂದು ಒಂದು ಪತ್ರವನ್ನು ಪ್ರಾಂತಗಳಿಗೆಲ್ಲ ಕಳಿಸಿ ಜನರಿಗೆ ತಿಳಿಯುವಂತೆ ಮಾಡಿದನು. ಯಾರಿಗೂ ಕಾರಣ ಹೇಳಬೇಕಾಗಿಲ್ಲವೆಂದು ನಡೆದ ಅರಸನು ಎಪ್ಪತ್ತನೆಯ ವಯಸ್ಸಿನಲ್ಲಿ ತನ್ನ ಪ್ರಜೆಗಳಿಗೆ ಕಾರಣ ಹೇಳಿದನು. ಹಸಿದಿದ್ದ ಆ ಜನ ಅದಕ್ಕೆ ಓಗೊಟ್ಟರು. ಸೈನ್ಯ ಮತ್ತೆ ನಿಂತಿತು. 1713ರಲ್ಲಿ ಯುಟ್ರೆಕ್ಟ್ ಒಪ್ಪಂದವಾಗಿ, ಮೊಮ್ಮಗನಿಗೆ ಸ್ಪೇನ್ ಉಳಿಯಿತು. ನಮಗೆ ತೋರುವಂತೆ ಆತನ ಅತ್ಯಂತ ಬಲವಾದ ಆಜ್ಞೆಯೆಂದರೆ ಆಜ್ಞೆಯಲ್ಲದ ಈ ಪತ್ರವೇ. ಅಂಥದನ್ನು ಆತನು ನಲವತ್ತು ವರ್ಷ ಮೊದಲೇ ಬರೆದಿದ್ದರೆ!

ಕೊನೆಯ ದಿನಗಳು

ಮನೆಯೊಳಗೂ ಸುಖವುಳಿಯಲಿಲ್ಲ. 1711ರಲ್ಲಿ ಮಗ ಸತ್ತನು. 1712ರ ಫೆಬ್ರುವರಿಯಲ್ಲಿ ಮೊಮ್ಮಗನ ಹೆಂಡತಿ, ಆರು ದಿನಗಳಲ್ಲಿ ಮೊಮ್ಮಗ, ಮುಂದಿನ ತಿಂಗಳು ಮರಿಮಗ, ಹೀಗೆ ಸಾಲಾಗಿ ಹೋದರು. ಉಳಿದವನು ಎರಡು ವರ್ಷದ ಇನ್ನೊಬ್ಬ ಮರಿಮಗ. ರಕ್ತ ತೆಗೆಯುವ ವೈದ್ಯರ ಕೈಗೆ ಕೊಡದೆ ಸಾಕುವ ಹೆಂಗಸು ಅವನನ್ನು ಬಚ್ಚಿಟ್ಟು ಉಳಿಸಿದಳು.

1715ರ ಆಗಸ್ಟಿನಲ್ಲಿ ಅರಸನ ಕಾಲು ನೋಯತೊಡಗಿತು. ವೈದ್ಯರು ಮೊದಲು ವಾತವೆಂದರು. ಅದು ಕೊಳೆಯುವ ರೋಗವಾಗಿತ್ತು. ಆತನು ನೋವನ್ನು ನಿಬ್ಬೆರಗಾಗುವಷ್ಟು ಶಾಂತಿಯಿಂದ ಸಹಿಸಿದನು. ಐದು ವರ್ಷದ ಮರಿಮಗನನ್ನು ಹಾಸಿಗೆಯ ಬಳಿ ಕರೆಸಿಕೊಂಡು, ಕಟ್ಟಡದ ಹುಚ್ಚಿನಲ್ಲಾಗಲಿ ಯುದ್ಧದ ಆಸೆಯಲ್ಲಾಗಲಿ ತನ್ನನ್ನು ಅನುಸರಿಸಬಾರದೆಂದೂ, ನೆರೆಯವರೊಡನೆ ಶಾಂತಿಯಿಂದಿರಬೇಕೆಂದೂ, ತಾನು ಮಾಡಲಾಗದೆ ಹೋದ ಕೆಲಸವನ್ನು ಮಾಡಿ ಪ್ರಜೆಗಳ ಭಾರವನ್ನು ಇಳಿಸಬೇಕೆಂದೂ ಹೇಳಿದನು. ತಾನು ಹೋದರೂ ರಾಜ್ಯ ಉಳಿಯುತ್ತದೆಂದು ಸುತ್ತಲಿನವರಿಗೆ ತಿಳಿಸಿದನೆಂದು ಹತ್ತಿರವಿದ್ದವರು ಬರೆದಿಟ್ಟಿದ್ದಾರೆ. ರಾಜ್ಯವೇ ತಾನೆಂದು ಹೇಳಿದನೆಂಬ ಕಥೆಗಿಂತ ಈ ಮಾತು ಎಷ್ಟು ಬೇರೆ! ಸೆಪ್ಟೆಂಬರ್ 1ರ ಬೆಳಿಗ್ಗೆ ಆತನು ತೀರಿಕೊಂಡನು. ಎಪ್ಪತ್ತೇಳು ತುಂಬಲು ನಾಲ್ಕು ದಿನ ಉಳಿದಿತ್ತು.

ಆತನು ತನ್ನ ಉಯಿಲಿನಲ್ಲಿ ಬಾಲರಾಜನ ಪರವಾಗಿ ಆಳುವವನ ಕೈ ಕಟ್ಟಿಹಾಕಿದ್ದನು. ಸತ್ತ ಮರುದಿನವೇ, ಸೆಪ್ಟೆಂಬರ್ 2ರಂದು, ಪ್ಯಾರಿಸ್ಸಿನ ಅದೇ ಉಚ್ಚ ನ್ಯಾಯಸಭೆ ಆ ಉಯಿಲನ್ನು ಬದಿಗೊತ್ತಿ ಆರ್ಲಿಯನ್ಸಿನ ಪ್ರಭುವಿಗೆ ಪೂರ್ಣಾಧಿಕಾರ ಕೊಟ್ಟಿತು. ಅದಕ್ಕೆ ಪ್ರತಿಯಾಗಿ, ದಾಖಲು ಮಾಡುವ ಮೊದಲೇ ಆಕ್ಷೇಪಣೆ ಹೇಳುವ ತನ್ನ ಹಳೆಯ ಹಕ್ಕನ್ನು ಎರಡೇ ವಾರಗಳಲ್ಲಿ ಮರಳಿ ಪಡೆಯಿತು. ಐವತ್ತನಾಲ್ಕು ವರ್ಷ ಎದುರಿಲ್ಲದೆ ನಡೆದ ಮಾತು ಒಂದು ದಿನವೂ ಹೆಚ್ಚಿಗೆ ಬಾಳಲಿಲ್ಲ. ಶವಯಾತ್ರೆ ಸಾಗಿದ ದಾರಿಯಲ್ಲಿ ಜನರು ಕುಡಿದು ಹಾಡಿ ನಕ್ಕುದನ್ನು ಮುಂದೆ ಆತನ ಕಾಲದ ಚರಿತ್ರೆ ಬರೆದ ವಾಲ್ಟೇರನು ನೆನೆದಿದ್ದಾನೆ.

ಮರಿಮಗ ಹದಿನೈದನೆಯ ಲೂಯಿ ಮುದುಕನ ಬುದ್ಧಿವಾದವನ್ನು ನಡೆಸಲಿಲ್ಲ. ಸಾಲ ಬೆಳೆಯಿತು. ತೆರಿಗೆಯ ಅನ್ಯಾಯ ಹಾಗೆಯೇ ಉಳಿಯಿತು. ಕಡೆಗೆ 1789ರಲ್ಲಿ ಹದಿನಾರನೆಯ ಲೂಯಿ, 175 ವರ್ಷ ಯಾರೂ ಕರೆಯದಿದ್ದ ಮಹಾಸಭೆಯನ್ನು ಕರೆಯಲೇಬೇಕಾಯಿತು. ಅಷ್ಟು ಕಾಲ ಕಟ್ಟಿಟ್ಟಿದ್ದ ಮಾತುಗಳೆಲ್ಲ ಒಮ್ಮೆಗೇ ಹೊರಬಂದವು. ಅದೇ ಫ್ರಾನ್ಸಿನ ಮಹಾಕ್ರಾಂತಿ.

ಹದಿನಾಲ್ಕನೆಯ ಲೂಯಿ ಸೋಮಾರಿಯಲ್ಲ, ದಡ್ಡನಲ್ಲ, ಅಂಜುಬುರುಕನೂ ಅಲ್ಲ. ಆತನ ಶ್ರದ್ಧೆ, ತಾಳ್ಮೆ, ಸೌಜನ್ಯ ಇಂದಿಗೂ ಕಲಿಯತಕ್ಕವು. ಆದರೆ ಚಿಕ್ಕಂದಿನಲ್ಲಿ ಕೇಳಿದ ಜನರ ಹೆಜ್ಜೆಯ ಸಪ್ಪಳಕ್ಕೆ ಅಂಜಿ, ಮುಂದೆ ಜನರ ಮಾತೇ ಕೇಳದಷ್ಟು ಎತ್ತರದ ಅರಮನೆಯನ್ನು ಕಟ್ಟಿಕೊಂಡನು. ಮನೆಯ ಯಜಮಾನನಿರಲಿ, ತರಗತಿಯ ಮುಖಂಡನಿರಲಿ, ಊರಿನ ಪಂಚರಿರಲಿ, ಅಧಿಕಾರ ಕೈಗೆ ಬಂದಾಗ ನಮ್ಮ ತಪ್ಪನ್ನು ನಮ್ಮ ಮುಂದೆ ಹೇಳುವವನೊಬ್ಬನು ಹತ್ತಿರವಿದ್ದಾನೆಯೇ ಎಂದು ಮೊದಲು ನೋಡಿಕೊಳ್ಳಬೇಕು. ವೋಬಾನನಂಥವನ ಪುಸ್ತಕವನ್ನು ಮುಚ್ಚುವುದು ಸುಲಭ. ಅದರಲ್ಲಿದ್ದ ಹಸಿವು ಮುಚ್ಚಿಹೋಗುವುದಿಲ್ಲ.